ಮಸ್ಕತ್ತಿನಲ್ಲಿ ಬೀನ್ಸ್ ವ್ಯಾಪಾರ

ದೇವನಹಳ್ಳಿ

ಫಾರಿನ್ನಿಗೆ ಹೋಗ್ಬಂದೋರೆಲ್ಲ ಅಲ್ಲಿ ಸಮುದ್ರ ನೋಡ್ದೆ, ಅರಮನೆ ನೋಡ್ದೆ ಅಂತಾರೆ. ನಾನು ನೋಡಿದ್ದು ಬೀನ್ಸು. ಅದೂ ನಮ್ಮ ಕಡೆ ಬೀನ್ಸು. ವಾಪಸ್ ಬಂದಾಗಿಂದ ಗೌರಿಬಿದನೂರು ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡೀಲಿ ಕೂತ್ರೆ ಸಾಕು, "ಏನ್ ನಂಜಪ್ಪಣ್ಣ, ಮಸ್ಕತ್ ಹೆಂಗಿತ್ತು" ಅಂತ ಶುರು ಮಾಡ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿ ನನಗೂ ಸುಸ್ತಾಗಿದೆ. ಒಬ್ಬನಿಗೆ ಅಲ್ಲಿ ನಲ್ಲೀಲಿ ಪೆಟ್ರೋಲ್ ಬರುತ್ತೆ ಅಂದೆ. ಅವನು ನಂಬ್ಕೊಂಡು, ಹಂಗಾದ್ರೆ ಸ್ನಾನಕ್ಕೆ ಏನಣ್ಣ ಮಾಡ್ತಾರೆ ಅಂತ ಕೇಳ್ದ. ಇನ್ನು ಹೇಳೋಕೆ ತ್ರಾಣ ಇಲ್ಲ. ಒಂದೇ ಸಲ ಬರೆದುಬಿಡ್ತೀನಿ, ಓದ್ಕೊಳ್ಳಿ.

ನನ್ನನ್ನ ಗೊತ್ತಿಲ್ದೋರಿಗೆ ಹೇಳ್ತೀನಿ. ನಾನು ದನದ ದಲ್ಲಾಳಿ. ಈಗ ಮೊಣಕಾಲು ಕೈ ಕೊಟ್ಟಿದೆ, ಬಿಟ್ಟಿದೀನಿ. ಒಂದು ಕಾಲದಲ್ಲಿ ಚಿಂತಾಮಣಿಯಿಂದ ಹಿಂದೂಪುರದವರೆಗೂ ಯಾವ ಸಂತೇಲಿ ಯಾವ ಜೋಡಿ ಕೈ ಬದಲಾಗಬೇಕಾದ್ರೂ ಮಧ್ಯದಲ್ಲಿ ನಾನಿರಬೇಕಿತ್ತು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚೌಕಾಸಿ ಮಾಡ್ತೀನಿ, ಮೂರರಲ್ಲೂ ಬೈತೀನಿ. ಎತ್ತಿನ ಬಾಯಿ ಬಿಡಿಸಿ ವಯಸ್ಸು ಹೇಳ್ತೀನಿ. ಇಂಥ ನನಗೆ ಒಂದು ಮಗುವಿನ ಬಾಯಿ ಬಿಡಿಸೋಕೆ ಆಗಲ್ವಾ ಅಂತ ಜಂಬದಿಂದ ಹೊರಟಿದ್ದೆ.

ಮಗು ಅಂದ್ರೆ ನನ್ನ ಮಗಳ ಮಗ, ಧ್ರುವ. ಇನ್ನೂ ದೊಡ್ಡ ಸ್ಕೂಲಿಗೆ ಸೇರಿಲ್ಲ. ಮಗಳು ಸುಮ ಮಸ್ಕತ್ತಲ್ಲಿ ಒಂದು ಆಸ್ಪತ್ರೇಲಿ ನರ್ಸು. ಅಳಿಯ ಹರೀಶ ಮರಳುಗಾಡಲ್ಲಿ ಯಾವುದೋ ಕಂಪನಿ ಕ್ಯಾಂಪಲ್ಲಿರ್ತಾನೆ, ಮನೆಗೆ ಬರೋದು ಅಪರೂಪ. ಹುಡುಗ ತರಕಾರಿ ಮುಟ್ಟಲ್ಲ. ಮೊಸರನ್ನ, ಬಿಸ್ಕತ್ತು, ಇಷ್ಟೇ ಅವನ ಪ್ರಪಂಚ. ರಕ್ತ ಕಮ್ಮಿ ಇದೆ ಅಂದಿದಾರಂತೆ ಡಾಕ್ಟ್ರು. ಸುಮನ ಡ್ಯೂಟಿ ಒಂದಿನ ಹಗಲು, ಒಂದಿನ ರಾತ್ರಿ. ಆ ಸುಸ್ತಲ್ಲಿ ಇವನ ಹಿಂದೆ ತಟ್ಟೆ ಹಿಡ್ಕೊಂಡು ಓಡಿ ಓಡಿ ಅವಳೇ ಅರ್ಧ ಆಗಿದ್ಲು. ಒಂದಿನ ಫೋನ್ ಮಾಡಿದ್ಲು.

"ಅಪ್ಪ, ಒಂದ್ ಸಲ ಬಂದ್ ಹೋಗು. ನಿನ್ ಕೈಲೂ ಆಗ್ಲಿಲ್ಲ ಅಂದ್ರೆ ವಾಪಸ್ ಹೋಗೋವಾಗ ಇವನನ್ನ ನಿನ್ ಜೊತೇಲೇ ಕಳಿಸ್ಬಿಡ್ತೀನಿ. ಅತ್ತಿಗೆ ಹತ್ರ ಬೆಳೀಲಿ," ಅಂದ್ಲು.

ಸೊಸೆ ಮಂಜುಳಂಗೆ ಅದೇನು ಭಾರ ಅನ್ನಿಸಲಿಲ್ಲ. ಇರೋ ಮಕ್ಕಳ ಜೊತೆ ಇನ್ನೊಂದು ಉಣ್ಣುತ್ತೆ ಬಿಡಿ ಮಾವ, ಕರ್ಕೊಂಡ್ ಬನ್ನಿ ಅಂದ್ಲು. ಆದ್ರೆ ಹೆತ್ತೋಳು ಒಂದು ದೇಶ, ಮಗು ಇನ್ನೊಂದು ದೇಶ. ಕರುವನ್ನ ತಾಯಿಯಿಂದ ಬಿಡಿಸಿ ಹಗ್ಗ ಹಿಡ್ಕೊಂಡು ಹೋಗೋ ಕೆಲಸ ನಾನು ಬೇಕಾದಷ್ಟು ಮಾಡಿದೀನಿ. ಆ ಕೂಗು ಏನು ಅಂತ ನನಗೆ ಗೊತ್ತು.

ವಿಮಾನ ನಮಗೇನು ಹೊಸದಲ್ಲ. ಚಿಕ್ಕಬಳ್ಳಾಪುರದ ಕಡೆ ಹೋದ್ರೆ ತಲೆ ಮೇಲೆ ದಿನಾ ಹಾರ್ತಿರ್ತವೆ, ಮುದ್ದೇನಹಳ್ಳಿ ಹತ್ರ ದ್ರಾಕ್ಷಿ ತೋಟದೋರು ತಲೆ ಎತ್ತಿ ನೋಡೋದೂ ಬಿಟ್ಟಿದಾರೆ. ಒಳಗೆ ಕೂರೋದು ಮಾತ್ರ ಹೊಸದು. ನನ್ನ ಹಳೇ ದೋಸ್ತ್ ಅಲೀಪುರದ ಅಬ್ಬಾಸ್ ಇರಾನಿಗೆ ಯಾತ್ರೆ ಹೋಗ್ಬಂದೋನು. ಏರ್‌ಪೋರ್ಟಲ್ಲಿ ಬಾಯಿ ಮುಚ್ಕೊಂಡಿರು ಅಂತ ಒಂದೇ ಮಾತು ಹೇಳಿದ್ದ. ನಾನು ಕೇಳಿದ್ರೆ ತಾನೆ. ಬ್ಯಾಗಲ್ಲಿ ರಾಗಿ ಹಿಟ್ಟಿತ್ತು. ಇದೇನ್ ಪುಡಿ ಅಂತ ಚೆಕಿಂಗ್ ಮಾಡೋ ಹೆಣ್ಣುಮಗಳು ಕೇಳಿದ್ಲು. ಮುಖಕ್ಕೆ ಹಚ್ಚೋ ಪೌಡರ್ರಮ್ಮ, ಅದಕ್ಕೇ ನಾನಿಷ್ಟು ಬೆಳ್ಳಗಿರೋದು ಅಂದೆ. ನನ್ನ ಬಣ್ಣ ಬಾಣಲೆ ತಳ. ಅವಳು ನಗಲಿಲ್ಲ. ಹಿಟ್ಟಿನ ಗಂಟು ಬಿಚ್ಚಿಸಿ, ಕಡ್ಡಿ ಹಾಕಿ ತಿರುವಿ, ಇನ್ನಿಬ್ಬರನ್ನ ಕರೆದು ಮೂಸಿಸಿ, ನನ್ನನ್ನ ಮೂಲೇಲಿ ಕೂರಿಸಿ, ಕೊನೆಗೆ ಚಿಕ್ಕಬಳ್ಳಾಪುರದ ಕಡೆ ಹುಡುಗ ಒಬ್ಬ ಬಂದು ಇದು ರಾಗಿ ಅಂದ ಮೇಲೆ ಬಿಟ್ರು. ಅಷ್ಟರಲ್ಲಿ ನನ್ನ ಮೊಣಕಾಲು ಕಲ್ಲಾಗಿತ್ತು.

ವಿಮಾನದಲ್ಲಿ ಪಕ್ಕದ ಸೀಟಿನೋನು ತರಕಾರಿ ವ್ಯಾಪಾರಿ. ನಮ್ಮ ಕಾಲ ಕೆಳಗೇನೇ ಬೀನ್ಸು, ಮೆಣಸಿನಕಾಯಿ ಬಾಕ್ಸ್ ಬಾಕ್ಸ್ ಇದಾವೆ ಅಂದ, ನಿಮ್ಮ ಕಡೆ ಮಾಲೇ ಅಂದ. ಇಳಿಯೋವಾಗ ನೋಡಿದ್ರೆ ನಾನು ಬಾಡಿ ಹೋಗಿದ್ದೆ. ಬೀನ್ಸು ತಣ್ಣಗಿತ್ತಂತೆ.

ರೂವಿ

ಸುಮನ ಮನೆ ಇರೋದು ರೂವಿ ಅನ್ನೋ ಏರಿಯಾದಲ್ಲಿ. ಕೆಳಗಡೆ ಇಳಿದ್ರೆ ಮಲಯಾಳಿ ಹೋಟ್ಲು, ಗುಜರಾತಿ ಬಟ್ಟೆ ಅಂಗಡಿ, ಪಾಕಿಸ್ತಾನದೋನ ಕಟಿಂಗ್ ಶಾಪು. ಸುತ್ತ ಬೋಳು ಬೆಟ್ಟ, ಒಂದು ಹುಲ್ಲುಕಡ್ಡಿ ಇಲ್ಲ. ನಮ್ಮ ನಂದಿ ಬೆಟ್ಟನ ಯಾರೋ ಕೆರೆದು ಒಣಗೋಕೆ ಇಟ್ಟಂಗೆ. ಸೆಖೆ ಹೆಂಗಿರುತ್ತೆ ಅಂದ್ರೆ, ಬಾಗಿಲು ತೆಗೆದ್ರೆ ಇಡ್ಲಿ ಪಾತ್ರೆ ಮುಚ್ಚಳ ತೆಗೆದಂಗಾಗುತ್ತೆ.

ಹುಡುಗ ಬಾಗಿಲ ಸಂದೀಲಿ ನಿಂತು ನನ್ನನ್ನ ಮೇಲಿಂದ ಕೆಳಗೆ ನೋಡ್ದ. ಕೈಯಲ್ಲಿ ಒಂದು ಕ್ರೆಯಾನ್. ಮೊದಲನೇ ಮಾತೇ, "ತಾತ, ನಿಮ್ ತಲೇಲಿ ಯಾಕೆ ಕಲರ್ ಹಾಕಿಲ್ಲ?" ನಂದು ಬೋಳುತಲೆ. ಆವಾಗ್ಲೇ ಅನ್ಕೊಂಡೆ, ಇದು ನಮ್ ರಕ್ತಾನೇ.

ಅವನ ಪ್ಲೇ ಸ್ಕೂಲಿನ ಟೀಚರ್, ಕುಮಾರಿ ಮಿಸ್ ಅಂತ, ಶ್ರೀಲಂಕಾದೋರು. ಪಾಪ ಒಳ್ಳೇ ಹೆಣ್ಣು. ಎಲ್ಲಾ ಮಕ್ಕಳಿಗೂ ಒಂದೊಂದು ಹಾಳೆ ಕೊಡ್ತಾರೆ. ಅದರಲ್ಲಿ ತಟ್ಟೆ ಚಿತ್ರ, ತಟ್ಟೆ ತುಂಬ ತರಕಾರಿ ಗೆರೆ ಚಿತ್ರ. ಮನೇಲಿ ಯಾವ ತರಕಾರಿ ತಿಂದ್ರೋ ಅದಕ್ಕೆ ಮಾತ್ರ ಬಣ್ಣ ಹಾಕಬೇಕು. ಕ್ಯಾರೆಟ್ ತಿಂದ್ರೆ ಕೇಸರಿ, ಬೀನ್ಸ್ ತಿಂದ್ರೆ ಹಸಿರು. ಬಣ್ಣದ ಆಸೆಗೆ ಮಕ್ಕಳು ತಿಂತವೆ ಅಂತ ಆಯಮ್ಮನ ಲೆಕ್ಕಾಚಾರ.

ನಮ್ಮೋನು ಏನ್ ಮಾಡ್ತಿದ್ದ ಅಂದ್ರೆ, ತಟ್ಟೇಲಿ ಬಿದ್ದ ತರಕಾರೀನ ಸೋಫಾ ಸಂದಿಗೆ ತಳ್ಳಿ, ನೆಟ್ಟಗೆ ಹೋಗಿ ಕೂತು ಹಾಳೆ ಪೂರ್ತಿ ಬಣ್ಣ ಹಾಕಿಬಿಡ್ತಿದ್ದ. ಗೆರೆ ದಾಟದಂಗೆ, ಸೊಗಸಾಗಿ. ಬದನೆಕಾಯಿಗೆ ನೇರಳೆ, ಬೀಟ್‌ರೂಟಿಗೆ ಕೆಂಪು, ಎಲ್ಲಾ ಸರಿಯಾಗೇ. ಇಡೀ ಕ್ಲಾಸಲ್ಲಿ ಇವನ ತಟ್ಟೆಯಷ್ಟು ತುಂಬಿರೋ ತಟ್ಟೆ ಇನ್ನೊಂದಿಲ್ಲ. ಇವನಷ್ಟು ಖಾಲಿ ಹೊಟ್ಟೇದೂ ಇನ್ನೊಂದಿಲ್ಲ. ಮಿಸ್ಸು ಮೊದಮೊದಲು ಸ್ಟಾರ್ ಹಚ್ಚಿ ಕಳಿಸ್ತಿದ್ರಂತೆ. ಸುಮ ಒಂದಿನ ಸೋಫಾ ಸರಿಸಿ ಗುಡಿಸಿದಾಗ ಅಲ್ಲಿ ಒಂದು ಸಂತೇನೇ ಇತ್ತು.

ನಾನು ಇದನ್ನ ಕೇಳಿ ಬಿದ್ದು ಬಿದ್ದು ನಕ್ಕೆ. ಸುಮ ನಗಲಿಲ್ಲ. ಹೆಂಗೂ ನೀನು ನಕ್ಕು ಹೋಗ್ತೀಯ ಬಿಡಪ್ಪ ಅಂದ್ಲು. ಅವಳ ಕಣ್ಣ ಕೆಳಗೆ ಕರೀ ಗೆರೆ ನೋಡಿ ನನ್ನ ನಗು ಅಲ್ಲೇ ನಿಂತ್ಕೊಂತು.

ಪ್ಲೇ ಸ್ಕೂಲು

ಸ್ಕೂಲಲ್ಲಿ ತರಕಾರಿ ಆಟದ ದಿನ ಅಂತ ಒಂದಿತ್ತು, ಅಜ್ಜಿ ತಾತಂದಿರೂ ಬರಬಹುದು ಅಂದ್ರು. ಹೋದೆ. ಬೆಂಡೆಕಾಯಿ ಅಡ್ಡಡ್ಡ ಕುಯ್ದು, ಬಣ್ಣಕ್ಕೆ ಅದ್ದಿ, ಹಾಳೆ ಮೇಲೆ ಒತ್ತಿದ್ರೆ ಹೂವಿನ ಗುರುತು ಬೀಳುತ್ತೆ. ಎಲೆಕೋಸು ಕುಯ್ದು ಒತ್ತಿದ್ರೆ ಮರ. ಆಮೇಲೆ ಪಕ್ಕದ ಟೇಬಲ್ಲಲ್ಲಿ ಬಣ್ಣ ಹಚ್ಚದ ತರಕಾರಿ ತುಂಡು ಇಟ್ಟಿರ್ತಾರೆ, ಆಟ ಆಡ್ತಾ ಆಡ್ತಾ ಒಂದೊಂದು ಬಾಯಿಗೆ ಹಾಕ್ಕೊಂಬೋದು. ಚೆನ್ನಾಗಿತ್ತು. ನಮ್ ಕಾಲದಲ್ಲಿ ಬೆಂಡೆಕಾಯಿ ತೊಟ್ಟು ಹಣೆಗಂಟಿಸ್ಕೊಂಡು ಆಡಿದ್ದು ಬಿಟ್ರೆ ಇಂಥ ಯೋಗ ಎಲ್ಲಿತ್ತು.

ಧ್ರುವ ಒತ್ತೋದೆಲ್ಲ ಒತ್ತಿದ, ತಿನ್ನೋ ಟೇಬಲ್ ಹತ್ರ ಬಂದ ತಕ್ಷಣ ನನ್ನ ಪಂಚೆ ಹಿಂದೆ ಸೇರ್ಕೊಂಡ. ಆಗ ನನ್ನ ತುಂಟ ಬುದ್ಧಿ ಎದ್ದು ಕೂತ್ಕೊಂತು. ಒಂದು ಬೆಂಡೆಕಾಯಿ ನೀಲಿ ಬಣ್ಣಕ್ಕೆ ಅದ್ದಿ ನನ್ನ ಬೋಳುತಲೆ ಮೇಲೆ ಒತ್ಕೊಂಡೆ. ಒಂದಲ್ಲ, ಸುತ್ತ ಹಾರ ಇಟ್ಟಂಗೆ. ಮಕ್ಕಳು ಕೇಕೆ ಹಾಕಿದ್ವು. ಉಬ್ಬಿ ಹೋಗಿ, ನೋಡ್ರಪ್ಪ ತಾತ ಹೆಂಗ್ ತಿಂತಾರೆ ಅಂತ ಕೈಲಿದ್ದ ಬೆಂಡೆಕಾಯಿನ ಬಣ್ಣ ಸಮೇತ ಬಾಯಿಗಿಟ್ಟು ಅಗಿದುಬಿಟ್ಟೆ. ನಾಲಿಗೆ ಚಾಚಿದೆ. ನೀಲಿ.

ಅಷ್ಟೇ. ಅಷ್ಟೂ ಮಕ್ಕಳು ಬಣ್ಣ ಹಚ್ಚಿದ್ದನ್ನೇ ತಿನ್ನೋಕೆ ಶುರು ಮಾಡಿದ್ವು. ಪಕ್ಕದಲ್ಲಿ ತೊಳೆದಿಟ್ಟಿದ್ದನ್ನ ಒಂದೂ ಮುಟ್ಟಲಿಲ್ಲ. ಮಿಸ್ಸು ಒಬ್ಬೊಬ್ಬರ ಬಾಯಿಗೂ ಬೆರಳು ಹಾಕಿ ತೆಗೀತಾ ಓಡಾಡಿದ್ರು. ಮಕ್ಕಳಿಗೇ ಅಂತ ಮಾಡಿದ ಬಣ್ಣ, ಏನೂ ಆಗಲ್ಲ ಅಂದ್ರೂ ನನ್ನ ವಯಸ್ಸಿಗೆ ಹೆದರಿ ಸುಮಂಗೆ ಫೋನ್ ಮಾಡಿದ್ರು. ಅವಳು ಡ್ಯೂಟಿ ಮಧ್ಯ ಬಿಟ್ಟು ಬಂದು ನನ್ನ ನಾಲಿಗೆ ಚೆಕ್ ಮಾಡಿದ್ಲು. ಆ ಸ್ಕೂಲಿನ ಗೇಟಿನೊಳಗೆ ಮತ್ತೆ ನನ್ನನ್ನ ಬಿಡಲಿಲ್ಲ. ಇಡೀ ಕ್ಲಾಸಲ್ಲಿ ಆವತ್ತು ಏನೂ ಬಾಯಿಗೆ ಹಾಕದೆ ಇದ್ದೋನು ಒಬ್ಬನೇ, ನಮ್ಮೋನು.

ಅಡುಗೆಮನೆ

ಎದುರುಗಡೆಯಿಂದ ಆಗದಿದ್ರೆ ಹಿತ್ತಲ ಬಾಗಿಲು. ಇದು ಸಂತೆ ಪಾಠ. ನಮ್ಮ ಕಡೆ ಊಟಾನೇ ಅಂಥದ್ದು ನೋಡಿ. ಸೊಪ್ಪು, ಕಾಳು, ಬದನೆಕಾಯಿ ಏನಿದ್ರೂ ಬೇಯ್ಸಿ ಕಡೆದು ಮಸ್ಸೊಪ್ಪು ಮಾಡಿಬಿಟ್ರೆ ಯಾವುದು ಏನು ಅಂತ ಹುಟ್ಟಿಸಿದ ದೇವರಿಗೂ ಗೊತ್ತಾಗಲ್ಲ. ಅದನ್ನ ಮುದ್ದೆ ಜೊತೆ ನುಂಗೋದೇ ಹೊರತು ಅಗಿಯೋದು ಎಲ್ಲಿ ಬಂತು. ತಲೆತಲಾಂತರದಿಂದ ನಾವು ತರಕಾರಿ ಮುಖಾನೇ ನೋಡದೆ ತರಕಾರಿ ತಿಂದೋರು. ಇವನಿಗೂ ಹಂಗೇ ಮಾಡಣ ಅಂತ ಬೀನ್ಸು ಬೇಯ್ಸಿ ರುಬ್ಬಿ ದೋಸೆ ಹಿಟ್ಟಿಗೆ ಕಲಸಿದೆ.

"ತಾತ, ದೋಸೆ ಯಾಕೆ ಗ್ರೀನ್ ಇದೆ?"

ಇದು ಗಿಣಿ ದೋಸೆ ಕಣಪ್ಪ, ನಮ್ಮೂರಲ್ಲಿ ಗಿಣಿಗಳು ಮಾಡ್ತವೆ ಅಂದೆ. ಕಣ್ಣರಳಿಸಿ ನೋಡ್ದ. ನಂಬಿದ. ಒಂದು ತುತ್ತು, ಎರಡು ತುತ್ತು ತಿಂದ. ನಾನು ಒಳಗೊಳಗೇ ಮೀಸೆ ತಿರುವ್ತಿದ್ದೆ. ಮೂರನೇ ತುತ್ತಿಗೆ ಬೀನ್ಸಿನ ನಾರು ಒಂದು ಅವನ ಹಲ್ಲಿಗೆ ಸಿಕ್ಕಿಹಾಕ್ಕೊಂತು. ಬೆರಳಲ್ಲಿ ಎಳೆದು ಬೆಳಕಿಗೆ ಹಿಡಿದು ನೋಡ್ದ. ಆಮೇಲೆ ನನ್ನ ಮುಖ ನೋಡ್ದ. ಅಳಲಿಲ್ಲ, ಬೈಯಲಿಲ್ಲ. ಎದ್ದು ಹೋಗಿ ಬಾಯಿ ತೊಳ್ಕೊಂಡ.

ಆವತ್ತಿಂದ ಶುರುವಾಯ್ತು ತಪಾಸಣೆ. ಇಡ್ಲಿ ಮುರಿದು ಒಳಗೆ ನೋಡ್ತಾನೆ. ಬ್ರೆಡ್ಡನ್ನ ಪದರ ಪದರ ಬಿಡಿಸ್ತಾನೆ. ಮೊಸರನ್ನದಲ್ಲಿ ಸಾಸಿವೆ ಕಂಡ್ರೂ ತಟ್ಟೆ ದೂಡ್ತಾನೆ. ದೇವನಹಳ್ಳಿ ಏರ್‌ಪೋರ್ಟಲ್ಲಿ ನನ್ನ ರಾಗಿ ಹಿಟ್ಟಿಗೂ ಇಷ್ಟು ಶಾಸ್ತಿ ಆಗಿರಲಿಲ್ಲ. ಕೊನೆಗೆ ಅವನೇ ಕೈಯಾರೆ ಹರಿದ ಪ್ಯಾಕೆಟ್ಟಿನ ಬಿಸ್ಕತ್ತು ಬಿಟ್ರೆ ಏನೂ ಇಲ್ಲ. ತರಕಾರಿ ತಿನ್ನಿಸೋಕೆ ಬಂದೋನು ಮೊಸರನ್ನಾನೂ ಬಿಡಿಸಿದೆ. ಇದು ನನ್ನ ಸಾಧನೆ.

ನನ್ನ ತಂಗೀನ ಶಿಡ್ಲಘಟ್ಟಕ್ಕೆ ಕೊಟ್ಟಿದೀವಿ, ಮನೆ ತುಂಬ ರೇಷ್ಮೆ ಹುಳು ಸಾಕ್ತಾಳೆ. ಸೊಪ್ಪು ಹಾಕಿದ್ರೆ ಸಾಕು, ಸರಸರ ಅಂತ ಮಳೆ ಬಂದಂಗೆ ಸದ್ದು ಮಾಡ್ಕೊಂಡು ತಿಂತವೆ. ಯಾರೂ ಹಾಡು ಹೇಳಲ್ಲ, ಚಿತ್ರ ಬರೆಯಲ್ಲ. ಬಿಸ್ಕತ್ತಿನ ಚೂರು ಕಚ್ತಾ ಕೂತ ಈ ಹುಡುಗನ್ನ ನೋಡ್ತಾ ನಾನು ಆ ಹುಳುಗಳನ್ನೇ ನೆನೆಸ್ಕೊಂತಿದ್ದೆ.

ಸುಮ ಒಂದಿನ ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದು, ಚಪ್ಪಲೀನೂ ಬಿಡದೆ ಕುರ್ಚಿ ಮೇಲೆ ಕೂತ್ಕೊಂಡ್ಲು. ವಿಷಯ ಕೇಳಿ ಜೋರು ಮಾಡಲಿಲ್ಲ. ಮಾಡಿದ್ರೆ ಚೆನ್ನಾಗಿರ್ತಿತ್ತು.

"ಅವನು ಯಾರ್ ಕೈಲಾದ್ರೂ ನಂಬಿ ತಿಂತಿದ್ದ ಅನ್ನೋದೊಂದಿತ್ತು, ಅಪ್ಪ," ಅಂದ್ಲು.

ಆವತ್ತು ಸಾಯಂಕಾಲ, ನಾನು ವಾಪಸ್ ಹೋಗೋ ಫ್ಲೈಟಲ್ಲೇ ಅವನಿಗೂ ಟಿಕೆಟ್ ಮಾಡಿಸಿದ್ಲು. ಬುಕ್ ಆದ ಮೇಲೆ ಫೋನ್ ಮಗುಚಿ ಇಟ್ಟು, ಅವನ ಬಟ್ಟೆ ಒಂದೊಂದೇ ಮಡಿಚೋಕೆ ಕೂತ್ಲು. ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚ್ತಿದ್ಲು.

ನಿಜ್ವಾ

ಕೆಳಗಿನ ಮನೇಲಿ ಸಲೀಂ ಅಂತ ಒಬ್ಬ ಓಮಾನಿ ಮುದುಕ. ನನ್ನ ವಯಸ್ಸೇ. ಉದ್ದನೇ ಬಿಳೀ ಅಂಗಿ, ತಲೆಗೆ ಕಸೂತಿ ಟೋಪಿ. ಹಿಂದಿ ಚೆನ್ನಾಗಿ ಮಾತಾಡ್ತಾನೆ, ನನ್ನ ಗೌರಿಬಿದನೂರು ಉರ್ದು ಅವನಿಗೆ ಭಲೇ ಮೋಜು. ಮೊದಲನೇ ಸಲ ಅವನ ಮನೇಲಿ ಕಾಫಿ ಕುಡಿದ ಕಥೆ ಹೇಳಬೇಕು. ಪುಟ್ಟ ಬಟ್ಟಲು, ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ವಾಸನೆ. ಕುಡಿದು ಕೆಳಗಿಟ್ರೆ ಮತ್ತೆ ತುಂಬ್ತಾನೆ. ಮನೆಗೆ ಬಂದೋರಿಗೆ ಸಾಲದು ಅನ್ನಿಸಬಾರದು ಅಂತ ಅವನು ಸುರೀತಾನೆ, ಕೊಟ್ಟಿದ್ದನ್ನ ಬಿಡಬಾರದು ಅಂತ ನಾನು ಕುಡೀತೀನಿ. ಎದೆ ಢವಢವ ಅನ್ನೋ ಹೊತ್ತಿಗೆ ಅವನ ಹೆಂಡತಿ ಬಂದು ಬಟ್ಟಲನ್ನ ಹಿಂಗೆ ಅಲ್ಲಾಡಿಸಿ ತೋರಿಸಿದ್ರು. ಅಲ್ಲಾಡಿಸಿದ್ರೆ ಸಾಕು ಅಂತ ಅರ್ಥವಂತೆ. ಬಾಯಲ್ಲಿ ಹೇಳಿದ್ರೆ ಮರ್ಯಾದೆ ಅಲ್ಲವಂತೆ. ಆವತ್ತು ರಾತ್ರಿ ನಾನು ಗೂಬೆ.

ಈ ಸಲೀಂ ನನ್ನ ಕಸುಬು ಕೇಳಿ, ಶುಕ್ರವಾರ ನಿಜ್ವಾದಲ್ಲಿ ಆಡಿನ ಸಂತೆ ಇದೆ, ನಡಿ ಹೋಗಣ ಅಂದ. ಧ್ರುವನ್ನೂ ಕರ್ಕೊಂಡು ಬೆಳಗಿನ ಜಾವ ಅವನ ಕಾರಲ್ಲಿ ಹೊರಟ್ವಿ. ಹುಡುಗ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಕಿಟಕಿ ಗಾಜಿನ ಮೇಲೆ ಬೆರಳಲ್ಲಿ ಏನೋ ಬರೀತಿದ್ದ.

ಸಂತೆ ಅಂದ್ರೆ ನನಗೆ ಜೀವ ಬಂತು. ಸಗಣಿ ವಾಸನೆ ಯಾವ ದೇಶದಲ್ಲಾದ್ರೂ ಒಂದೇ. ಆದ್ರೆ ಅವರ ಪದ್ಧತಿ ನೋಡಿ ಎದೆ ಒಡೀತು. ಕೊಳ್ಳೋರು ಸುತ್ತ ವೃತ್ತವಾಗಿ ನಿಂತಿರ್ತಾರೆ. ಮಾರೋನು ಆಡನ್ನ ಎಳ್ಕೊಂಡು ಒಳಗೆ ಸುತ್ತು ಹೊಡೀತಾ ರೇಟು ಕೂಗ್ತಾನೆ. ಕೊಳ್ಳೋನೂ ಕೂಗ್ತಾನೆ. ಊರಿಗೆಲ್ಲ ಕೇಳೋ ಹಂಗೆ. ಥೂ, ನಾಚಿಕೆ ಬೇಡವಾ. ನಮ್ಮ ಕಡೆ ರೇಟು ಅಂದ್ರೆ ಹಳೇ ಕಾಲದಲ್ಲಿ ಗಂಡನ ಹೆಸರಿದ್ದಂಗೆ, ನಾಲ್ಕು ಜನದ ಮುಂದೆ ಬಾಯಿ ಬಿಟ್ಟು ಹೇಳಬಾರದು.

ಸಲೀಮನಿಗೆ ತೋರಿಸಿಕೊಟ್ಟೆ. ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈ, ನನ್ನ ಕೈ ಎರಡರ ಮೇಲೂ ಹೊದಿಸಿದೆ. ಒಳಗಡೆ ನಾನು ಅವನ ಬೆರಳು ಹಿಡೀತೀನಿ, ಎಷ್ಟು ಬೆರಳೋ ಅಷ್ಟು ರೇಟು. ಅವನಿಗೆ ಒಪ್ಪಿಗೆ ಇಲ್ಲ ಅಂದ್ರೆ ಬೇರೆ ಬೆರಳು ಹಿಡೀತಾನೆ. ಸುತ್ತ ನೂರು ಜನ ನಿಂತಿದ್ರೂ ಟವೆಲ್ ಕಾಣುತ್ತೆ ಹೊರತು ರೇಟು ಕಾಣಲ್ಲ. ಕೈ ಕುಲುಕಿದ್ರೆ ಮುಗೀತು, ನಷ್ಟ ಆದ್ರೂ ಮಾತು ತಿರುಗೋ ಹಂಗಿಲ್ಲ. ತಿರುಗಿದೋನ ಟವೆಲ್ ಒಳಗೆ ಮುಂದೆ ಯಾರೂ ಕೈ ಇಡಲ್ಲ. ಸಲೀಂ ಬಲು ಚುರುಕು, ಅಲ್ಲೇ ಇದ್ದ ಆಡಿಗೆ ನನ್ನ ಜೊತೆ ಸುಮ್ ಸುಮ್ನೆ ಚೌಕಾಸಿ ಮಾಡಿ ಗಡ್ಡ ಅಲ್ಲಾಡಿಸ್ಕೊಂಡು ನಕ್ಕ.

ಅಷ್ಟರಲ್ಲಿ ಟವೆಲ್ ಕೆಳಗೆ ಮೂರನೇ ಕೈ ಬಂತು. ಪುಟ್ಟದು, ತಣ್ಣಗಿತ್ತು.

"ನಂಗೂ," ಅಂದ ಧ್ರುವ. ದೋಸೆ ಆದ ಮೇಲೆ ನನಗೆ ಹೇಳಿದ ಮೊದಲನೇ ಮಾತು.

ನಾನು ಕೂತ್ಕೊಂಡೆ. ಟವೆಲ್ ಒಳಗೆ ಏನು ಹಿಡಿದ್ಯೋ ಅದನ್ನೇ ಮಾಡಬೇಕು, ಇಲ್ಲಿ ಸುಳ್ಳು ಹೇಳಂಗಿಲ್ಲ ಅಂತ ಹೇಳಿಕೊಟ್ಟೆ. ಅವನು ಟವೆಲ್ ತುದಿ ಎತ್ತಿ ಒಳಗೆ ಇಣುಕಿದ.

"ನೀನೂ ಹೇಳಂಗಿಲ್ವಾ, ತಾತ?"

"ಟವೆಲ್ ಕೆಳಗೆ ನಾನು ಜನ್ಮದಲ್ಲಿ ಸುಳ್ಳು ಹೇಳಿಲ್ಲ ಕಣಪ್ಪ. ಹೊರಗಡೆ ಬೇಕಾದಷ್ಟು ಹೇಳಿದೀನಿ."

ಇದು ದೇವರಾಣೆ ನಿಜ. ಅವನು ನನ್ನ ಮುಖವನ್ನ ಆವತ್ತು ಬೀನ್ಸಿನ ನಾರು ನೋಡಿದಂಗೇ ಬೆಳಕಿಗೆ ಹಿಡಿದು ನೋಡ್ದ. ಆಮೇಲೆ ಕೈ ಹಿಂದಕ್ಕೆ ತಗೊಳ್ಳಲಿಲ್ಲ.

ಊಟದ ಟೇಬಲ್ಲು

ಮಾರನೇ ದಿನ ಸುಮ ಡ್ಯೂಟಿಗೆ ಹೋಗಿದ್ಲು. ನಾನು ಬೀನ್ಸನ್ನ ಕುಯ್ಯಲಿಲ್ಲ, ರುಬ್ಬಲಿಲ್ಲ. ಉದ್ದುದ್ದಕ್ಕೆ ಇದ್ದಂಗೇ ಉಪ್ಪು ಹಾಕಿ ಬೇಯ್ಸಿ ತಟ್ಟೇಲಿ ಜೋಡಿಸಿಟ್ಟೆ. ಇದು ಬೀನ್ಸು ಅಂತ ಹೇಳಿದೆ. ಅವನು ಒಂದನ್ನ ಎತ್ತಿ, ಬಾಯಿಬಿಡಿಸಿ, ಒಳಗಿನ ಕಾಳು ನೋಡಿ, ಕ್ರೆಯಾನ್ ಡಬ್ಬಿ ತಂದು ಯಾವ ಹಸಿರು ಅಂತ ಪಕ್ಕ ಇಟ್ಟು ನೋಡಿ, ತಟ್ಟೆಗೆ ವಾಪಸ್ ಇಟ್ಟ. ಟವೆಲ್ ಹೊದಿಸಿದೆ.

ಐದು ಬೀನ್ಸ್ ತಿನ್ನು ಅಂತ ನಾನು ಐದು ಬೆರಳು ಹಿಡಿದೆ. ಮುಷ್ಟಿ ಮುಚ್ಚಿದ. ಮೂರು ಹಿಡಿದೆ. ಮುಷ್ಟಿ. ಕೊನೆಗೆ ನನ್ನ ಕಿರುಬೆರಳು ಒಂದನ್ನ ಹಿಡಿದ. ಸರಿ ಅಂತ ಕುಲುಕೋಕೆ ಹೋದ್ರೆ, ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ನನ್ನ ತಟ್ಟೆ ಕಡೆ ತೋರಿಸಿದ.

ನನ್ನ ತಟ್ಟೇಲಿ ಹಾಗಲಕಾಯಿ ಪಲ್ಯ. ನನಗೆ ಸಕ್ಕರೆ ಕಾಯಿಲೆ ಅಂತ ಸುಮ ದಿನಾ ಮಾಡಿಟ್ಟು ಹೋಗ್ತಿದ್ಲು. ನಾನು ದಿನಾ ಅದನ್ನ ಟಿಶ್ಯೂ ಪೇಪರಲ್ಲಿ ಸುತ್ತಿ ಬಾಲ್ಕನಿ ಕುಂಡಕ್ಕೆ ಹಾಕ್ತಿದ್ದೆ. ಯಾರೂ ನೋಡಿಲ್ಲ ಅನ್ಕೊಂಡಿದ್ದೆ. ಈ ಮನೇಲಿ ಸೋಫಾ ಸಂದಿ ಒಬ್ಬಂದು, ಕುಂಡ ಒಬ್ಬಂದು.

ಒಂದು ಬೀನ್ಸಿಗೆ ಒಂದು ಬಿಲ್ಲೆ ಹಾಗಲಕಾಯಿ. ಕುದುರಿತು. ಕಣ್ಮುಚ್ಚಿ ತಿಂದೆ. ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು ಅನ್ನಿಸ್ತು, ಬಾಯೆಲ್ಲ ಕಹಿ. ನನ್ನ ಮುಖ ನೋಡಿ ಅವನು ಕುರ್ಚಿಯಿಂದ ಜಾರೋ ಹಂಗೆ ನಕ್ಕ. ನಕ್ಕು ಮುಗಿಸಿ, ಮಾತು ಕೊಟ್ಟೋನಲ್ವಾ, ಬೀನ್ಸಿನ ತುದಿ ಬಾಯಿಗಿಟ್ಟು ಒಂಚೂರು ಒಂಚೂರೇ ಕಚ್ತಾ ಹೋದ. ಪೂರ್ತಿ ಒಂದು. ಆಮೇಲೆ ಮಿಸ್ ಕೊಟ್ಟ ಹಾಳೆ ತಗೊಂಡು ಒಂದೇ ಒಂದು ಬೀನ್ಸಿಗೆ ಬಣ್ಣ ಹಾಕಿ, ಪಕ್ಕದಲ್ಲಿ ನನ್ನ ಹಾಗಲಕಾಯೀನೂ ಬರೆದು ಅದಕ್ಕೂ ಬಣ್ಣ ಹಾಕ್ದ. ಉಳಿದಿದ್ದೆಲ್ಲ ಖಾಲಿ.

ಆಮೇಲಿನ ದಿನಗಳ ಕಥೆ ಕೇಳಬೇಡಿ. ಎಲ್ಲಾ ಸಲೀಸಾಯ್ತು ಅನ್ಕೊಂಡ್ರೆ ನಿಮ್ಮಷ್ಟು ದಡ್ಡರಿಲ್ಲ. ಒಂದು ಕ್ಯಾರೆಟ್ ತುಂಡಿಗೆ ಒಂದೊಂದು ದಿನ ಮಧ್ಯಾಹ್ನವೆಲ್ಲ ಹೋಗ್ತಿತ್ತು. ಜೋಡಿ ಎತ್ತಿಗೂ ನಾನು ಅಷ್ಟು ಹೊತ್ತು ಬಗ್ಗಿ ಕೂತಿಲ್ಲ. ಸೊಂಟ ಬಿದ್ದು ಹೋಗ್ತಿತ್ತು, ಕಣ್ಣು ಎಳೀತಿತ್ತು, ಟವೆಲ್ ಒಳಗೆ ಅವನ ಕೈ ಮಾತ್ರ ದಣೀತಿರಲಿಲ್ಲ. ಸಿಹಿಗುಂಬಳಕ್ಕೆ ಒಪ್ಪಿದ, ಅದಕ್ಕೆ ನಾನು ಹಾಗಲಕಾಯಿ ಎರಡು ಬಿಲ್ಲೆ ತೆರಬೇಕಾಯ್ತು. ಬೀಟ್‌ರೂಟಿಗೆ ಎಷ್ಟು ಹಿಡಿದ್ರೂ ಮುಷ್ಟಿಯೇ. ಚಿಂತಾಮಣಿ ಸಂತೇಲೂ ಇಂಥ ಗಟ್ಟಿ ಗಿರಾಕಿ ಕಂಡಿಲ್ಲ.

ಒಂದಿನ ಮಧ್ಯಾಹ್ನ ಟವೆಲ್ ತೆಗೆಯೋಕೇ ಮನಸ್ಸಾಗಲಿಲ್ಲ. ದಣಿವು ಒಂದು. ಇನ್ನೊಂದು ಏನಂದ್ರೆ, ಅವನ ಪುಟ್ಟ ಸೂಟ್‌ಕೇಸ್ ಗೋಡೆ ಪಕ್ಕ ನಿಂತಿತ್ತು. ಸುಮ್ನಿದ್ದುಬಿಟ್ರೆ ಇವನು ನನ್ನ ಜೊತೆ ಬರ್ತಾನೆ. ವಿಮಾನದಲ್ಲಿ ಪಕ್ಕ ಕೂರ್ತಾನೆ. ಟೀ ಅಂಗಡೀಲಿ ನಿಮ್ಮೆಲ್ಲರ ಬೆರಳು ಹಿಡಿದು ಚೌಕಾಸಿ ಮಾಡ್ತಾನೆ. ಮಂಜುಳನ ಮಕ್ಕಳ ಗುಂಪಲ್ಲಿ ತಾನೇ ತಾನಾಗಿ ತಿಂತಾನೆ, ಯಾರಿಗೇನು ನಷ್ಟ ಅನ್ನಿಸ್ತು. ಅಷ್ಟರಲ್ಲಿ ಒಗೆದು ಒಣಗೋಕೆ ಹಾಕಿದ್ದ ಸುಮನ ಯೂನಿಫಾರಂ ಬಾಲ್ಕನೀಲಿ ಅಲ್ಲಾಡ್ತಿತ್ತು. ಅವನು ಅದರ ತೋಳು ಹಿಡ್ಕೊಂಡು ಕೆನ್ನೆಗೆ ಒತ್ಕೊಂಡು ನಿಂತಿದ್ದ. ಎದ್ದು ಬೀನ್ಸ್ ಬೇಯೋಕಿಟ್ಟೆ.

ಆವತ್ತು ಸಾಯಂಕಾಲ ಸುಮ ಬಂದು ಹಾಳೆ ಎತ್ತಿ ನೋಡಿದ್ಲು. ಮುಖ ಇಳೀತು. ಮೊದಲೆಲ್ಲ ತಟ್ಟೆ ತುಂಬ ಬಣ್ಣ ಇರ್ತಿತ್ತು, ಈಗ ನೋಡಿದ್ರೆ ಎರಡೋ ಮೂರೋ, ಮಿಕ್ಕಿದ್ದು ಬೆಳ್ಳಗೆ.

"ಇದೆಲ್ಲ ಯಾಕೋ ಖಾಲಿ ಬಿಟ್ಟಿದೀಯ, ಕಂದ?" ಅಂತ ಕೇಳಿದ್ಲು.

ಅವನು ಆಟದ ಕಾರಿಂದ ತಲೆ ಎತ್ತಲಿಲ್ಲ. "ಅದು ತಿಂದಿಲ್ವಲ್ಲಮ್ಮ."

ಸುಮ ಹಾಳೆ ಹಿಡ್ಕೊಂಡೇ ನೆಲದ ಮೇಲೆ ಕೂತ್ಲು. ಬಣ್ಣ ಹಾಕಿದ್ದ ಆ ಎರಡು ಮೂರನ್ನ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದ್ಲು. ನನ್ನ ಕಡೆ ತಿರುಗಿ ಈ ಹಾಗಲಕಾಯಿ ಯಾರದು ಅಂದ್ಲು. ನಾನು ಬಾಲ್ಕನಿಗೆ ಗಾಳಿ ತಗೊಳ್ಳೋಕೆ ಹೋದೆ.

ಹೊರಡೋ ದಿನ

ಬೆಳಿಗ್ಗೆ ಸುಮ ನನ್ನ ಬ್ಯಾಗಿಗೆ ಖರ್ಜೂರ ತುಂಬ್ತಾ, ತಲೆ ಎತ್ತದೆ ಹೇಳಿದ್ಲು.

"ಅಪ್ಪ, ಇವನ ಟಿಕೆಟ್ ಕ್ಯಾನ್ಸಲ್ ಮಾಡಿದೀನಿ. ನೀನ್ ಒಬ್ನೇ ಹೋಗ್ತೀಯ ತಾನೆ?"

ನಾನೇನ್ ಚಿಕ್ ಮಗೂನಾ ಅಂದೆ. ಚಿಂತಾಮಣಿಯಿಂದ ಗೌರಿಬಿದನೂರಿಗೆ ಕೊಬ್ಬಿದ ಹೋರಿಗಳನ್ನ ಒಬ್ಬನೇ ನಡೆಸ್ಕೊಂಡು ಬಂದೋನು, ಒಂದು ಸೀಟಲ್ಲಿ ಒಬ್ಬನೇ ಕೂರೋಕೆ ಏನು ಕಷ್ಟ ಅಂದೆ. ಜೋರಾಗೇ ಅಂದೆ. ಗೆದ್ದೆ ಅಂತ ಕುಣೀಬೇಕಿತ್ತು, ಕಾಲು ಮಾತ್ರ ಯಾಕೋ ಭಾರ ಅನ್ನಿಸ್ತು. ಆ ಸೆಖೆಗೆ ಹಂಗಾಗುತ್ತೆ ಅಂತಾರೆ.

ಮಧ್ಯಾಹ್ನ ಮೂರು ಜನಾನೂ ಊಟಕ್ಕೆ ಕೂತ್ವಿ. ಸುಮ ಆವತ್ತು ರಜ ಹಾಕಿದ್ಲು, ಚೂಡಿದಾರ್ ಹಾಕ್ಕೊಂಡಿದ್ಲು. ಮಧ್ಯದಲ್ಲಿ ಬೀನ್ಸು, ಬೀಟ್‌ರೂಟು. ನಾನು ಅಭ್ಯಾಸ ಬಲದಲ್ಲಿ ಟವೆಲ್ ಹೊದಿಸಿ ಕೈ ಚಾಚಿದೆ. ಅವನು ನನ್ನ ಕೈ ನೋಡ್ದ, ಬಾಗಿಲ ಹತ್ರ ಇದ್ದ ನನ್ನ ಬ್ಯಾಗು ನೋಡ್ದ.

"ನೀನ್ ಊರಿಗೆ ಹೋಗ್ತೀಯಲ್ಲ, ತಾತ," ಅಂದ. ಬೇಜಾರಿಂದ ಅಲ್ಲ. ವ್ಯವಹಾರಸ್ಥರು ಹೇಳೋ ಥರ.

ಕುರ್ಚಿ ತಿರುಗಿಸ್ಕೊಂಡು ಅಮ್ಮನ ಕಡೆ ಹೋಗಿ ಅವಳ ವೇಲಿನ ತುದಿ ಎಳೆದು ಇಬ್ಬರ ಕೈ ಮೇಲೂ ಹೊದಿಸ್ಕೊಂಡ. ಸುಮಂಗೆ ಈ ಕಸುಬು ಗೊತ್ತಿಲ್ಲ, ಹೆಣ್ಣುಮಕ್ಕಳನ್ನ ನಾನು ಸಂತೆಗೆ ಕರ್ಕೊಂಡು ಹೋದೋನೇ ಅಲ್ಲ. ಅವನೇ ಅವಳ ಕಿವಿಗೆ ಬಾಯಿ ಇಟ್ಟು ಹೇಳಿಕೊಟ್ಟ. ಹಿಂಗೆ ಹಿಡೀಬೇಕು, ಹಿಂಗೆ ಬಿಡಬೇಕು, ಸುಳ್ಳು ಹೇಳಂಗಿಲ್ಲಮ್ಮ ಅಂತ.  ವೇಲು ಅಲ್ಲಿ ಇಲ್ಲಿ ಉಬ್ಬಿತು, ಇಳೀತು. ಸುಮ ಒಂದ್ಸಲ ನಕ್ಲು. ಇನ್ನೊಂದ್ಸಲ ತಲೆ ಆ ಕಡೆ ತಿರುಗಿಸ್ಕೊಂಡು ಮೂಗು ಒರೆಸ್ಕೊಂಡ್ಲು. ಇವನು ಹಟ ಬಿಡಲಿಲ್ಲ, ಕೈ ಬಿಡಲಿಲ್ಲ. ಕೊನೆಗೆ ಬಟ್ಟೆ ಕೆಳಗೆ ಎರಡು ಕೈ ಕುಲುಕಿದ್ದು ಕಾಣಿಸ್ತು.

ಅವನು ಕೈ ಹೊರಗೆ ತೆಗೆದು, ನನ್ನ ಹತ್ರ ಯಾವತ್ತೂ ಒಪ್ಪದ ಬೀಟ್‌ರೂಟ್ ತುಂಡನ್ನ ಎತ್ಕೊಂಡು ಬಾಯಿಗೆ ಹಾಕ್ಕೊಂಡ. ಮುಖ ಕಿವಿಚಿ, ಅಗಿದು, ನುಂಗಿದ. ತುಟಿಯೆಲ್ಲ ಕೆಂಪು.

ಅದಕ್ಕೆ ಅವಳು ಏನು ಕೊಡ್ತೀನಿ ಅಂತ ಒಪ್ಪಿಕೊಂಡ್ಲೋ ನನಗೆ ಇವತ್ತಿಗೂ ಗೊತ್ತಿಲ್ಲ. ರಾತ್ರಿ ಡ್ಯೂಟಿ ಬಿಡ್ತೀನಿ ಅಂದ್ಲೋ, ಊರಿಗೆ ಕಳಿಸಲ್ಲ ಅಂದ್ಲೋ, ಬರೀ ಒಂದು ಐಸ್‌ಕ್ರೀಮೋ. ನೀವೆಲ್ಲ ಇಷ್ಟು ಓದಿ ಅದನ್ನೇ ಕೇಳ್ತೀರ ಅಂತ ಗೊತ್ತು. ಕೆಳಗೆ ಸಲೀಂ ಕಾರ್ ತಂದು ಹಾರ್ನ್ ಹೊಡೀತಿದ್ದ, ಆದ್ರೂ ಕೇಳೋಕೆ ಹೊತ್ತಿತ್ತು, ಬಾಯಿಗೂ ಬಂದಿತ್ತು. ಆದ್ರೆ ಬಟ್ಟೆ ಕೆಳಗೆ ಕುದುರಿದ ರೇಟನ್ನ ಹೊರಗೆ ನಿಂತೋನು ಕೇಳಂಗಿಲ್ಲ. ಬ್ಯಾಗ್ ಎತ್ಕೊಂಡು ಬಂದೆ.